ಬೇಲಿಗೆ ಬೇಲಿಯನ್ನೇ ಹೋಲಿಸು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಜಪಾನಿನ ಮತ್ತು ಪಾಲಿನೇಷ್ಯದ ಕಲ್ಲುಕೆಲಸ, ಕೋಟೆ, ಯುದ್ಧಗಳನ್ನು ಹೋಲಿಸುವ ನಿನ್ನ ಪ್ರಬಂಧದ ಕರಡು ಎರಡು ಸಲ ಓದಿದೆ. ಬರವಣಿಗೆ ಚೆನ್ನಾಗಿದೆ, ಹೋಲಿಕೆ ಮಾತ್ರ ನಿಲ್ಲುತ್ತಿಲ್ಲ. ಜಪಾನಿನ ಕಡೆಯಿಂದ ಹಿಮೇಜಿಯಂಥ ಕೋಟೆಯನ್ನು ಆರಿಸಿಕೊಂಡು, ಅತ್ತ ಪೆಸಿಫಿಕ್ ಸಾಗರದ ಟೊಂಗಾ, ಹವಾಯಿ, ರಾಪಾ ನುಯಿ (ಈಸ್ಟರ್ ದ್ವೀಪ), ಮಾವೊರಿಗಳ ನ್ಯೂಜಿಲೆಂಡ್ ಎಲ್ಲವನ್ನೂ 'ಪಾಲಿನೇಷ್ಯ' ಎಂಬ ಒಂದೇ ಗಂಟಿಗೆ ಕಟ್ಟಿದ್ದೀಯ. ಹಾಗೆ ಇಟ್ಟರೆ ತೂಗುವ ಮೊದಲೇ ತಕ್ಕಡಿ ವಾಲಿರುತ್ತದೆ.

ಮೊದಲು ತಪ್ಪುಗಳನ್ನು ತೆಗೆ. ನಾನ್ ಮದೋಲ್ ಎಂಬ ಕಲ್ಲಿನ ಪಾಳುನಗರ ಪಾಲಿನೇಷ್ಯದ್ದಲ್ಲ, ಮೈಕ್ರೊನೇಷ್ಯದ ಪೊನ್‌ಪೇ ದ್ವೀಪದ್ದು. ಟೊಂಗಾದ ಹಾಅಮೊಂಗಾ ಕಲ್ಲಿನ ದ್ವಾರ 1200ರ ಸುಮಾರಿನದು, ಹಿಮೇಜಿಯ ಮುಖ್ಯ ಗೋಪುರ ಮುಗಿದದ್ದು 1609ರಲ್ಲಿ. ನಾಲ್ಕು ಶತಮಾನದ ಅಂತರ ಇರುವಾಗ ಅವೆರಡನ್ನು ಪಕ್ಕಪಕ್ಕ ನಿಲ್ಲಿಸಬೇಡ. ಹವಾಯಿಯ ಪುಉಕೊಹೊಲಾ ಕೋಟೆಯಲ್ಲ, ಅಲ್ಲಿನ ದೊರೆ ಒಂದನೇ ಕಮೆಹಮೆಹಾ 1790–91ರಲ್ಲಿ ಯುದ್ಧದೇವತೆಗೆ ಕಟ್ಟಿಸಿದ ದೇವಸ್ಥಾನ. ಅದನ್ನು ರಕ್ಷಣೆಯ ಅಧ್ಯಾಯದಿಂದ ತೆಗೆದು ಕಲ್ಲುಕೆಲಸದ ಅಧ್ಯಾಯಕ್ಕೆ ಹಾಕು. ಅಲ್ಲಿ ಅದಕ್ಕೆ ಒಳ್ಳೆಯ ಜೋಡಿ ಸಿಗುತ್ತದೆ.

ಆ ಜೋಡಿ ಜಪಾನಿನ ಕುಮಾಮೊಟೊ ಕೋಟೆ. ಎರಡೂ ಕಡೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಾರೆ. ಜಪಾನಿನ ಕೋಟೆಗೋಡೆಯಲ್ಲಿ ನಮಗೆ ಕಾಣುವುದು ಹೊರಮೈಯ ದೊಡ್ಡ ಕಲ್ಲುಗಳು ಮಾತ್ರ. ಅದರ ಹಿಂದೆ ಮುಷ್ಟಿಗಾತ್ರದಿಂದ ತಲೆಗಾತ್ರದವರೆಗಿನ ಸಣ್ಣ ಕಲ್ಲುಗಳ ದಪ್ಪ ಪದರ, ಅದರ ಹಿಂದೆ ಮಣ್ಣು. ಮಳೆನೀರು ಇಳಿದುಹೋಗುವುದು ಆ ನಡುವಿನ ಪದರದಲ್ಲಿ. ಅದರ ಸಂದುಗಳಲ್ಲಿ ಮಣ್ಣು ತುಂಬಿಕೊಂಡರೆ ನೀರು ನಿಲ್ಲುತ್ತದೆ, ಒತ್ತಡ ಮುಂದಕ್ಕೆ ಬರುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ಹೊಟ್ಟೆ ಬಿಟ್ಟ ಗೋಡೆ ಭೂಕಂಪಕ್ಕೆ ಸುಲಭದ ತುತ್ತು. ಮೂಲೆಯ ಲೆಕ್ಕ ಬೇರೆ. ಅಲ್ಲಿ ಉದ್ದನೆಯ ಕಲ್ಲುಗಳನ್ನು ಒಂದು ವರಸೆಯಲ್ಲಿ ಎಡಗೋಡೆಯ ಕಡೆಗೆ, ಮುಂದಿನ ವರಸೆಯಲ್ಲಿ ಬಲಗೋಡೆಯ ಕಡೆಗೆ ಚಾಚಿ ಇಡುತ್ತಾರೆ; ಹೆಣೆದ ಬೆರಳುಗಳ ಹಾಗೆ ಎರಡು ಗೋಡೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. 2016ರ ಏಪ್ರಿಲ್ ಭೂಕಂಪದಲ್ಲಿ ಕುಮಾಮೊಟೊದ ಇಈದಮಾರು ಬುರುಜಿನ ಬುಡದ ಗೋಡೆ ಜರಿದುಬಿದ್ದಾಗ, ಬುರುಜಿನ ಆ ಮಗ್ಗುಲನ್ನು ಬೀಳದಂತೆ ಹೊತ್ತು ನಿಂತದ್ದು ಈ ಮೂಲೆಗಲ್ಲುಗಳ ಒಂದೇ ಒಂದು ಸಾಲು. ಆ ಚಿತ್ರ ನಿನ್ನ ಪ್ರಬಂಧದಲ್ಲಿ ಇರಲೇಬೇಕು. ಪುಉಕೊಹೊಲಾಕ್ಕೂ 2006ರ ಅಕ್ಟೋಬರ್ ಭೂಕಂಪದಲ್ಲಿ ಪೆಟ್ಟಾಯಿತು. ಕಬ್ಬಿಣದ ಉಳಿ ಇದ್ದವರ ಗೋಡೆ, ದುಂಡುಕಲ್ಲನ್ನು ಕೈಯಿಂದ ಕೈಗೆ ದಾಟಿಸಿ ಕಟ್ಟಿದವರ ಗೋಡೆ, ಎರಡಕ್ಕೂ ಭೂಕಂಪ ಕೇಳಿದ ಪ್ರಶ್ನೆ ಒಂದೇ: ಗಾರೆಯಿಲ್ಲದೆ ನೀನು ಹೇಗೆ ನಿಲ್ಲುತ್ತೀಯ? ನೀನೂ ಅದನ್ನೇ ಕೇಳು.

ಇನ್ನು ಯುದ್ಧದ ವಿಷಯ. 'ಖಡ್ಗಕ್ಕೆ ಎದುರಾಗಿ ಮರದ ಗದೆ' ಎಂಬ ಶೀರ್ಷಿಕೆ ಹೊಡೆದುಹಾಕು. ಜಪಾನಿನವರು, ಮಾವೊರಿಗಳು, ಈ ಎರಡು ಸಮಾಜಗಳೂ ಹೊರಗಿನಿಂದ ಬಂದ ಬಂದೂಕನ್ನು ಹೇಗೆ ಅರಗಿಸಿಕೊಂಡವು ಎಂದು ನೋಡು. ಜಪಾನಿಗೆ ಅದು ಬಂದದ್ದು 1543ರಲ್ಲಿ, ತನೆಗಶಿಮ ದ್ವೀಪಕ್ಕೆ. 1575ರಲ್ಲಿ ನಾಗಶಿನೊ ಕಾಳಗದಲ್ಲಿ ಓದ ನೊಬುನಾಗ ಎಂಬ ಸೇನಾಧಿಪತಿ ಮರದ ಬೇಲಿ ಹಾಕಿಸಿ, ಅದರ ಹಿಂದೆ ಬಂದೂಕಿನವರನ್ನು ನಿಲ್ಲಿಸಿ ಎದುರಾಳಿ ತಕೆದ ಮನೆತನದ ಸೇನೆಯನ್ನು ತಡೆದ. ಬೇಲಿಯ ಕೆಲಸ ಓಡಿಬರುವವರನ್ನು ನಿಲ್ಲಿಸುವುದಷ್ಟೇ. ಎದುರಾಳಿಯ ಬಳಿ ಅದನ್ನು ಒಡೆಯುವ ಫಿರಂಗಿ ಇರಲಿಲ್ಲ.

ಈಗ ನ್ಯೂಜಿಲೆಂಡಿಗೆ, 1845ರ ಓಹಾಯೆಅವಾಯಿ ಕಾಳಗಕ್ಕೆ ಬಾ. ಮಾವೊರಿಗಳ ಕೋಟೆಗೆ 'ಪಾ' ಎಂದು ಹೆಸರು. ಎದುರಿಗೆ ಬ್ರಿಟಿಷರ ಫಿರಂಗಿಗಳು, ಕೊನೆಗೆ 32 ಪೌಂಡಿನ ಗುಂಡು ಹಾರಿಸುವ ಹಡಗಿನ ಫಿರಂಗಿಯೂ ಬಂತು. ಹೊರಬೇಲಿಗೆ ಹರಕೆಕೆ ಎಂಬ ನಾರುಗಿಡದ ಎಲೆಗಳನ್ನು ದಟ್ಟವಾಗಿ ಇಳಿಬಿಟ್ಟಿದ್ದರು. ಗುಂಡಿನ ಬಿರುಸು ಅದರಲ್ಲಿ ಕುಗ್ಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಒಳಬೇಲಿ ಮುರಿಯಿತೋ ಇಲ್ಲವೋ ಎಂಬುದು ಫಿರಂಗಿಯವರಿಗೆ ಕಾಣುತ್ತಿರಲಿಲ್ಲ. ಹೊರಬೇಲಿಯ ಬುಡ ನೆಲಕ್ಕೆ ತಾಗದಂತೆ ಸಂದು ಬಿಟ್ಟಿತ್ತು. ಒಳಬೇಲಿ ಪುರಿರಿ ಮರದ ದಿಮ್ಮಿಗಳದು. ಅದರ ಹಿಂದಿನ ಕಂದಕದಲ್ಲಿ ನಿಂತ ಯೋಧರು ನೆಲಮಟ್ಟದಿಂದ, ಆ ಸಂದಿನ ಮೂಲಕ ಗುಂಡು ಹಾರಿಸುತ್ತಿದ್ದರು. ಫಿರಂಗಿ ಸದ್ದು ಮಾಡುವಾಗ ಅಡಗಿಕೊಳ್ಳಲು ದಿಮ್ಮಿ, ಮಣ್ಣು ಮುಚ್ಚಿದ ನೆಲಗುಂಡಿಗಳಿದ್ದವು. ಹಲವು ದಿನ ಗುಂಡು ಸುರಿದ ಮೇಲೆ, ಜುಲೈ 1ರಂದು ಕರ್ನಲ್ ಡೆಸ್ಪಾರ್ಡ್ ಕಾಲಾಳುಗಳನ್ನು ನುಗ್ಗಿಸಿದ. ಬೇಲಿ ಒಡೆದಿರಲಿಲ್ಲ. ಕೆಲವೇ ನಿಮಿಷಗಳಲ್ಲಿ ಸುಮಾರು 40 ಸೈನಿಕರು ಸತ್ತರು.

ನಾಗಶಿನೊ ಬೇಲಿಯ ಎದುರು ಈ ಬೇಲಿಯನ್ನು ಇಡು. ಇಸವಿ ದೂರವೇ, ನಿಜ. ಆದರೆ ಇಲ್ಲಿ ಅಳೆಯಬೇಕಾದ್ದು ಬಂದೂಕು ಕೈಗೆ ಬಂದ ಮೇಲೆ ಕಳೆದ ಕಾಲವನ್ನು. ಮಾವೊರಿಗಳಿಗೂ ಅದು ಕೆಲವೇ ದಶಕಗಳ ಪರಿಚಯ.

ಹಿಮೇಜಿಯನ್ನು ಪೂರ್ತಿ ಕೈಬಿಡಬೇಡ. ಅದರ ಗೋಡೆಗಳಲ್ಲಿ ಇಂದಿಗೂ ಸಾವಿರದ ಹತ್ತಿರ ಕಿಂಡಿಗಳಿವೆ: ಬಾಣಕ್ಕೆ ಉದ್ದನೆಯವು, ಬಂದೂಕಿಗೆ ದುಂಡು, ತ್ರಿಕೋನ, ಚೌಕದವು. ಸುಣ್ಣ, ಸೆಣಬಿನ ನಾರು, ಕಡಲಪಾಚಿಯ ಅಂಟು ಸೇರಿಸಿ ಬಳಿದ ಬಿಳಿ ಗಿಲಾವು ಬೆಂಕಿಯನ್ನು ತಡೆಯಲು. ಗೋಪುರದ ಭಾರಕ್ಕೆ ಬುಡ ಕುಸಿದು ಅದು ವಾಲಿತ್ತು. 1956–64ರಲ್ಲಿ ಬಿಚ್ಚಿ, ಕಾಂಕ್ರೀಟ್ ಅಡಿಪಾಯ ಹಾಕಿ ಮತ್ತೆ ಕಟ್ಟಿದರು. ಆದರೆ ಈ ಗೋಪುರದ ಸುತ್ತ ದೊಡ್ಡ ಕಾಳಗ ಎಂದೂ ನಡೆಯಲಿಲ್ಲ ಎಂಬುದನ್ನು ಮರೆಯದೆ ಬರೆ. ಅದು ದೊರೆಯ ಪೀಠ, ಬಿಟ್ಟುಹೋಗುವಂಥದ್ದಲ್ಲ. ಓಹಾಯೆಅವಾಯಿಯ ಪಾ ಹಾಗಲ್ಲ. ಗೆದ್ದ ಕೆಲವು ದಿನಗಳಲ್ಲೇ ಮಾವೊರಿಗಳು ರಾತ್ರಿ ಹೊತ್ತು ಅದನ್ನು ಖಾಲಿ ಮಾಡಿ ಹೋದರು. ಬ್ರಿಟಿಷರಿಗೆ ಸಿಕ್ಕಿದ್ದು ಬರಿಯ ಬೇಲಿ, ಗುಂಡಿ.

ಆ ಜಾಗದಲ್ಲಿ ಈಗ ಚರ್ಚು ಇದೆ. ಕಂದಕಗಳ ನಕ್ಷೆ ಬೇಕಿದ್ದರೆ 1845ರ ಡಿಸೆಂಬರ್ ಕೊನೆಯಿಂದ 1846ರ ಜನವರಿವರೆಗೆ ಮಾವೊರಿ ನಾಯಕ ಕವಿತಿ ಕಾದಾಡಿದ ರುಆಪೆಕಪೆಕ ಪಾದ್ದನ್ನು ತೆಗೆದುಕೋ, ಅಲ್ಲಿ ಮಣ್ಣಿನ ಗುರುತುಗಳು ಇನ್ನೂ ಉಳಿದಿವೆ. ತಿದ್ದಿದ ಕರಡನ್ನು ಕಳಿಸು, ಓದಲು ಕಾದಿರುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ