ತಂದೆಯ ಹೆಸರು ಅನ್ನುವ ಕಾಲಂ

ಪ್ರೀತಿಯ ಪುಟ್ಟಿಗೆ,

ಮೊನ್ನೆ ರಾತ್ರಿ ನೀನು ಫೋನ್ ಮಾಡಿ, "ಚಿಕ್ಕಪ್ಪ, ಜಪಾನಿನ ಕಾಲೇಜಿನ ಅರ್ಜಿಯಲ್ಲಿ ತಂದೆಯ ಹೆಸರು ಅಂತ ಇದೆ, ಯಾರದ್ದು ಬರೀಲಿ?" ಅಂತ ಕೇಳಿದೆ. "ನಿಮ್ಮಪ್ಪನದ್ದೇ ಬರಿ ಕಣಮ್ಮ" ಅಂದೆ ನಾನು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ನೀನು, "ನಿಮಗೆ ಬೇಜಾರಿಲ್ವಾ?" ಅಂದೆ. ಊಟಕ್ಕೆ ಕೂತಿದ್ದೀನಿ ಅಂತ ಹೇಳಿ ನಾನು ಫೋನ್ ಇಟ್ಟುಬಿಟ್ಟೆ. ಊಟ ಆಗಿ ಆಗಲೇ ಒಂದು ಗಂಟೆಯಾಗಿತ್ತು.

ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು, ಎಲ್ಲದರಲ್ಲೂ ಅವರ ಹೆಸರೇ ಇದೆ. ಅದು ನಿನಗೂ ಗೊತ್ತು. ಹಾಗಾಗಿ ನೀನು ಕೇಳಿದ್ದು ಬರೀ ಅರ್ಜಿಯ ವಿಷಯ ಅಲ್ಲ ಅಂತ ನನಗೂ ಗೊತ್ತಾಯಿತು. ಫೋನಿನಲ್ಲಿ ಹೇಳೋಕೆ ಆಗದ್ದನ್ನು ಕೂತು ಬರೆಯುತ್ತಿದ್ದೇನೆ.

26 ವರ್ಷದಿಂದ ಹೈಸ್ಕೂಲ್ ಆಫೀಸಿನಲ್ಲಿ ದಾಖಲಾತಿ ರಿಜಿಸ್ಟರ್ ಬರೆಯುವವನು ನಾನು. ಆ ಕಾಲಂ ಎಷ್ಟು ಸಲ ತುಂಬಿಸಿದ್ದೇನೋ ಲೆಕ್ಕ ಇಲ್ಲ. ನಿಮ್ಮ ಮನೆಗೆ ಬಂದ ಹೊಸದರಲ್ಲಿ, ನಿನ್ನ ಕಾಗದಪತ್ರ ಸರಿಮಾಡೋಣ ಅಂತ 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ ತೆಗೆದು ನೋಡಿದ್ದೆ. 6ನೇ ಸೆಕ್ಷನ್ನಿನ ಕೆಳಗೆ ಒಂದು ವಿವರಣೆ ಇದೆ. ಇಲ್ಲಿ ತಂದೆ ಅಂದರೆ ಮಲತಂದೆ ಸೇರುವುದಿಲ್ಲ ಅಂತ. ಅವತ್ತು ಚುಚ್ಚಿದ ಹಾಗಾಗಿತ್ತು. ಜಪಾನಿನಲ್ಲೂ ಹಾಗೇ, ತಾಯಿ ಮತ್ತೆ ಮದುವೆಯಾದ ಮಾತ್ರಕ್ಕೆ ಗಂಡ ಮಗುವಿನ ತಂದೆ ಆಗುವುದಿಲ್ಲ, ದತ್ತು ಅಂತ ಬೇರೆಯಾಗಿ ನೋಂದಣಿ ಮಾಡಿಸಬೇಕು ಅಂತ ನೀನೇ ಹೇಳಿದೆಯಲ್ಲ. ಈಗ ಯೋಚಿಸಿದರೆ ಅದು ಸರಿಯೇ ಅನ್ನಿಸುತ್ತದೆ. ತಾಳಿ ಕಟ್ಟಿದ ದಿನ ನಾನು ನಿಮ್ಮಮ್ಮನ ಗಂಡನಾದೆ, ಅಷ್ಟೇ.

ಯುಗಾದಿ ರಜೆಯಲ್ಲಿ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ನನಗೆ ಕನ್ನಡದಲ್ಲಿ ಓದಿ ಹೇಳಿದೆಯಲ್ಲ, ಯಾಮಾಶಿತಾ ತೊಮೊಕೊ ಅವರ 'ಇಕೊಕು ನಿಕ್ಕಿ'. ಪರದೇಶದ ದಿನಚರಿ ಅಂತ ಅರ್ಥ ಹೇಳಿದೆ. 2017ರಿಂದ 2023ರವರೆಗೆ ಬಂದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, 11 ಸಂಪುಟ. ನಾನು ಪುಸ್ತಕ ಕೈಗೆತ್ತಿಕೊಂಡು ಎಡಗಡೆಯಿಂದ ಬಿಚ್ಚಿದೆ. "ಅದು ಕೊನೇ ಪುಟ ಚಿಕ್ಕಪ್ಪ, ಈ ಕಡೆಯಿಂದ ಶುರು" ಅಂತ ನಗುತ್ತಾ ಕಿತ್ತುಕೊಂಡೆ. ನಿಮ್ಮ ಮನೆಗೂ ನಾನು ಹಾಗೇ ಬಂದವನು. ಕೊನೇ ಪುಟದಿಂದ.

ಆ ಕಥೆಯ ಹುಡುಗಿ ಆಸಾಗೆ 15 ವರ್ಷ. ಅಪ್ಪ ಅಮ್ಮ ಇಬ್ಬರೂ ಅಪಘಾತದಲ್ಲಿ ಹೋಗಿಬಿಟ್ಟರು. ಹುಡುಗಿಯನ್ನು ಯಾರು ಇಟ್ಟುಕೊಳ್ಳೋದು ಅಂತ ನೆಂಟರು ಅವಳ ಎದುರಿಗೇ ಗುಸುಗುಸು ಮಾಡುತ್ತಿರುವಾಗ ಮಾಕಿಯೊ ಕರೆದುಕೊಂಡು ಹೋಗುತ್ತಾಳೆ. ಕಾದಂಬರಿ ಬರೆಯುವವಳು, ಒಬ್ಬಳೇ ಇದ್ದು ರೂಢಿಯಾದವಳು, ಜನ ಅಂದರೆ ಅಷ್ಟಕ್ಕಷ್ಟೆ. ಆಸಾಳ ಅಮ್ಮನ ತಂಗಿ. ಆ ಅಕ್ಕನನ್ನು ಕಂಡರೆ ಅವಳಿಗೆ ಆಗುತ್ತಲೂ ಇರಲಿಲ್ಲ. ಅಮ್ಮನ ತಂಗಿ ನಮ್ಮಲ್ಲಿ ಚಿಕ್ಕಮ್ಮ. ಅಪ್ಪ ಎರಡನೇ ಮದುವೆಯಾದರೆ ಬರುವವಳೂ ಚಿಕ್ಕಮ್ಮನೇ. ಪೇಪರಿನಲ್ಲಿ 'ಮಲತಾಯಿ ಧೋರಣೆ' ಅಂತ ಬರೆಯುತ್ತಾರೆ. ಮನೆಯೊಳಗೆ ಮಾತ್ರ ಯಾರೂ ಯಾರನ್ನೂ ಹಾಗೆ ಕರೆಯುವುದಿಲ್ಲ. ಚಿಕ್ಕಪ್ಪ ಅಂತ ನೀನು ಕರೆದಾಗ ಅದರಲ್ಲಿ ಅಪ್ಪನೂ ಇದ್ದಾನೆ, ಅಪ್ಪನ ಜಾಗವೂ ಹಾಗೇ ಉಳಿದಿದೆ. ಈ ಮಾತು ನನಗೆ ತುಂಬಾ ಇಷ್ಟ.

ನಿನ್ನನ್ನು ಪ್ರೀತಿಸೋಕೆ ಆಗುತ್ತೋ ಇಲ್ವೋ ಗೊತ್ತಿಲ್ಲ, ಆದರೆ ಯಾವತ್ತೂ ತುಳಿಯುವುದಿಲ್ಲ ಅನ್ನುವ ಅರ್ಥದಲ್ಲಿ ಮಾಕಿಯೊ ಹೇಳುತ್ತಾಳಲ್ಲ, ಆ ಪುಟ ಬಂದಾಗ ನಾನು ನೀರು ಕುಡಿಯೋಕೆ ಅಂತ ಎದ್ದು ಹೋದೆ. ಅಡುಗೆಮನೆ ಬಾಗಿಲ ಹಿಂದಿನ ಮೊಳೆ ನೋಡುತ್ತಾ ನಿಂತಿದ್ದೆ.

2013ರಲ್ಲಿ ನಾನು ಬಂದಾಗ ನಿನಗೆ 9 ವರ್ಷ. ಆ ಮೊಳೆಯಲ್ಲಿ 2011ರ ಕ್ಯಾಲೆಂಡರ್ ಇತ್ತು, ಆಗಸ್ಟ್ ತಿಂಗಳಿಗೇ ನಿಂತಿತ್ತು. ಹಳೇದು ಅಂತ ತೆಗೆದು ಹೊಸದು ಹಾಕಿದೆ. ಹಳೆಯ ಹಾಳೆಗಳನ್ನು ಡಬ್ಬಿ ಇಡುವ ಶೆಲ್ಫಿಗೆ ಹಾಸಿದೆ. ಮನೆ ಚೊಕ್ಕಟ ಮಾಡಿದೆ ಅನ್ನೋ ಖುಷಿ ಬೇರೆ. ಸ್ಕೂಲಿಂದ ಬಂದ ನೀನು ಬಾಗಿಲ ಹಿಂದೆ ನೋಡಿದೆ. ಏನೂ ಅನ್ನಲಿಲ್ಲ. ಅವತ್ತು ಊಟ ಮಾಡಲಿಲ್ಲ. ಮಾರನೇ ದಿನ ಅರ್ಧಕ್ಕೇ ಎದ್ದೆ. ರಾತ್ರಿ ಅಮ್ಮ ಮೆಲ್ಲಗೆ ಹೇಳಿದಳು, ಅದರಲ್ಲಿ ನಿಮ್ಮಪ್ಪನ ಕೈಬರಹ ಇತ್ತು ಅಂತ.

ನಾನು ಎದ್ದು ಲೈಟ್ ಹಾಕಿ ಡಬ್ಬಿಗಳನ್ನೆಲ್ಲ ಇಳಿಸಿದೆ. ಹಾಳೆ ಸಿಕ್ಕಿತು. ಮೂಲೆಯಲ್ಲಿ ಅರಿಶಿನದ ಡಬ್ಬಿಯ ಗುಂಡು ಕಲೆ. ಒಂದೊಂದು ತಾರೀಕಿನ ಕೆಳಗೂ ನೀಲಿ ಪೆನ್ನಿನ ಸಣ್ಣಕ್ಷರ. ಹಾಲು 2. ಹಾಲು 2. ಸಿಲಿಂಡರ್ ಹಾಕಿದ್ದು. ಹಾಲು 2, ಪುಟ್ಟಿ ಶೂ. 17ಕ್ಕೆ ಹಾಲು 2. 18ರಿಂದ ಖಾಲಿ.

ತುಳಿಯೋದು ಅಂದರೆ ಬೈಯೋದು, ಹೊಡೆಯೋದು ಅಂದುಕೊಂಡಿದ್ದೆ. ಮನೆ ಚೊಕ್ಕಟ ಮಾಡುತ್ತಲೂ ತುಳಿಯಬಹುದು ಅಂತ ಆ ರಾತ್ರಿ ಗೊತ್ತಾಯಿತು. ಹಾಳೆ ಒರೆಸಿ, ಹೊಸ ಕ್ಯಾಲೆಂಡರಿನ ಹಿಂದೆ ಅದೇ ಮೊಳೆಗೆ ಸಿಕ್ಕಿಸಿದೆ. ಆದರೆ ನಿನ್ನ ಹತ್ತಿರ ಬಾಯಿಬಿಟ್ಟು ಏನೂ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ತಪ್ಪಾಯ್ತು ಪುಟ್ಟಿ.

ಬೆಳಿಗ್ಗೆ ಎದ್ದು ಹೊಸದರಲ್ಲಿ ಹಾಲು 2 ಅಂತ ಬರೆದೆ. ಏನು ಮಾಡಬೇಕೋ ತೋಚದೆ ಸುಮ್ನೆ ಬರೆದದ್ದು. ದಿನಾ ಬರೆದೆ. ಎರಡು ಮೂರು ತಿಂಗಳು ಆಗಿರಬೇಕು, ಒಂದು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಲ್ಲಿ ಪೆನ್ಸಿಲ್ ಅಕ್ಷರ ಇತ್ತು. "ಹಾಲು 2. ಒಂದು ಒಡೆದಿದೆ." ನೀನಾಗಿ ನನಗೆ ಹೇಳಿದ ಮೊದಲ ಮಾತು ಅದು. ಅಲ್ಲಿವರೆಗೂ ನಾನು ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ಒಡೆದ ಹಾಲನ್ನು ಚೆಲ್ಲೋಕೆ ಮನಸ್ಸು ಬರದೆ ಅಮ್ಮನಿಗೆ ಹೇಳಿ ಸಕ್ಕರೆ, ಏಲಕ್ಕಿ ಹಾಕಿ ಕಾಯಿಸಿದೆ. ನೀನು ತಿಂದೆ.

ಮಾಕಿಯೊ ಆಸಾಗೆ ದಿನಚರಿ ಬರಿ ಅನ್ನುತ್ತಾಳೆ, ಬರೆಯೋಕೆ ಇಷ್ಟ ಇಲ್ಲದ್ದನ್ನು ಬರೆಯದಿದ್ದರೂ ಪರವಾಗಿಲ್ಲ ಅನ್ನುತ್ತಾಳೆ. ನಮ್ಮ ಮೂರು ಜನರ ದಿನಚರಿ ಆ ಮೊಳೆಯಲ್ಲೇ ಇತ್ತು ಅಲ್ವಾ? ಬರೆಯದೇ ಬಿಟ್ಟದ್ದೂ ಅಲ್ಲೇ ಇತ್ತು.

ಮಲತಂದೆಗೆ ಜಪಾನಿ ಭಾಷೆಯಲ್ಲಿ ಏನಂತಾರೆ ಅಂತ ಕೇಳಿದಾಗ, "ಕೇಫು" ಅಂತ ಹೇಳಿ ಹಾಲಿನ ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ಮೊದಲ ಅಕ್ಷರದ ಎಡಗಡೆ ಇರುವುದು ನೂಲಿನ ಗುರುತು, ಅದೇ ಅಕ್ಷರದಿಂದ 'ತ್ಸುಗು' ಅನ್ನುವ ಕ್ರಿಯಾಪದ ಬರುತ್ತದೆ, ಮುಂದುವರಿಸು ಅಂತ ಅರ್ಥ, ಬಟ್ಟೆಯ ತೇಪೆಗೂ ಅದೇ ಅಕ್ಷರ ಅಂದೆ. ಆ ಬಿಲ್ಲು ನನ್ನ ಜೇಬಿನಲ್ಲೇ ಇದೆ.

ಬೇಜಾರಿಲ್ವಾ ಅಂತ ಕೇಳಿದೆಯಲ್ಲ. ಇಲ್ಲ ಪುಟ್ಟಿ. ಆ ಕಾಲಂನಲ್ಲಿ ಅವರ ಹೆಸರು ನೀಟಾಗಿ, ಇನಿಷಿಯಲ್ ಬಿಡಿಸಿ ಪೂರ್ತಿಯಾಗಿ ಬರಿ. ಅವರು ಹಾಲು 2 ಅಂತ ಬರೆದು ನಿಲ್ಲಿಸಿದ ಕಡೆಯಿಂದ ನನಗೆ ಕೆಲಸ ಸಿಕ್ಕಿದ್ದು. ಅದು ಯಾವ ಅರ್ಜಿಯಲ್ಲೂ ಇರದಿದ್ದರೂ ನನಗೇನೂ ಕಡಿಮೆಯಾಗಿಲ್ಲ. ಅರ್ಜಿಗೆ ಬೇಕಾದ ಬ್ಯಾಂಕ್ ಸ್ಟೇಟ್‌ಮೆಂಟ್ ಸೋಮವಾರ ತಂದಿಡುತ್ತೇನೆ.

ನೀನು ಬರುವ ಶನಿವಾರಕ್ಕೆ ಅಮ್ಮ ಆಗಲೇ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದಾಳೆ. ಅವತ್ತಿಗೆ ಹಾಲು 3 ಅಂತ ನಾನು ಬರೆದಿದ್ದೇನೆ.

ನಿನ್ನ,
ಚಿಕ್ಕಪ್ಪ