ನೇತ್ರಾಣಿ ಕಡೆ ಹೋಗುವ ಬೋಟಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಮುಗಿದು ನೇತ್ರಾಣಿ ದ್ವೀಪದ ಬಳಿ ಮತ್ತೆ ಡೈವಿಂಗ್ ಶುರುವಾಗಿದೆ. ಮೀನಿಗೆ ಹೋಗುವವರೂ ದಯವಿಟ್ಟು ಓದಿ.

ಅರ್ಧ ಬಿಳಿ, ಅರ್ಧ ನೀಲಿ, ತುದಿ ಮೀನಿನ ಬಾಲದ ಹಾಗೆ ಸೀಳಿದ ಬಾವುಟ ಕಂಡರೆ ನೀರಿನ ಕೆಳಗೆ ಜನ ಇದ್ದಾರೆ ಎಂದರ್ಥ. ಇದು ಆಲ್ಫಾ ಬಾವುಟ. ಕೆಂಪಿನ ಮೇಲೆ ಓರೆಯಾಗಿ ಬಿಳಿ ಪಟ್ಟೆ ಇದ್ದರೂ ಅದೇ ಎಚ್ಚರಿಕೆ. ವೇಗ ತಗ್ಗಿಸಿ, ದೂರದಿಂದಲೇ ಸುತ್ತಿ ಹೋಗಿ. ಮೊನ್ನೆ ಒಂದು ಬೋಟು ಗುಳ್ಳೆ ಏಳುತ್ತಿದ್ದ ಜಾಗದ ಮೇಲೇ ಹಾದುಹೋಯಿತು. ನನ್ನ ಎದೆ ಝಲ್ ಎಂದಿತು. ಆ ಹೊತ್ತಿಗೆ ಯಾರಾದರೂ ಮೇಲೆ ಬಂದಿದ್ದರೆ?

ಡೈವರ್‌ಗಳನ್ನು ಇಳಿಸುವವರು, ಡೈವರ್‌ಗಳೆಲ್ಲ ಮತ್ತೆ ಬೋಟು ಹತ್ತಿದ ಮೇಲೆ ಬಾವುಟ ಇಳಿಸಿ. ಸುಮ್ನೆ ಇಡೀ ದಿನ ಕಟ್ಟಿಟ್ಟರೆ ಯಾರೂ ನಂಬುವುದಿಲ್ಲ, ಅಲ್ವಾ?

ಓದಿದವರು ‘ಸರಿ’ ಎಂದು ಹಾಕಿ. ಬಾವುಟ ಇಲ್ಲದವರು ಇವತ್ತು ಸಂಜೆಯೊಳಗೆ ತಿಳಿಸಿ, ಒಟ್ಟಿಗೆ ಹೊಲಿಸೋಣ.