ದೊಡ್ಡೋರಾಗ್ತಾ ತಾನಾಗೇ ಸರಿಹೋಗುತ್ತೆ ಅಂತ ದಯವಿಟ್ಟು ಬರೀಬೇಡಿ

ಸಂಪಾದಕರಿಗೆ ನಮಸ್ಕಾರ,

ಮಕ್ಕಳ ಸೆನ್ಸರಿ ತೊಂದರೆ, ಅಂದ್ರೆ ಸ್ಪರ್ಶ, ಶಬ್ದದಂಥ ಅನುಭವಾನ ಮೆದುಳು ಸರಿಯಾಗಿ ನಿಭಾಯಿಸಕ್ಕಾಗದ ತೊಂದರೆ ಬಗ್ಗೆ ನಿಮ್ಮ ಪೇಪರ್‌ನಲ್ಲಿ ಬಂದ ಲೇಖನ ಓದ್ದೆ, ಈ ವಿಷ್ಯ ಎತ್ತಿದ್ದಕ್ಕೇ ಮೊದಲು ಥ್ಯಾಂಕ್ಸ್, ಆದ್ರೆ ಕೊನೇಲಿ ದೊಡ್ಡೋರಾಗ್ತಾ ತಾನಾಗೇ ಸರಿಹೋಗುತ್ತೆ ಅಂತ ಒಂದು ಸಾಲು ಇದೆಯಲ್ಲ, ಅದನ್ನ ಓದಿ ಸುಮ್ನಿರಕ್ಕಾಗ್ಲಿಲ್ಲ.

ನನ್ನ ಮಗನಿಗೆ ಆಗ ಆರು ವರ್ಷ. ದಿನಾ ಬೆಳಿಗ್ಗೆ ಸಾಕ್ಸ್ ಹಾಕೋ ಹೊತ್ತಿಗೆ ರಂಪ. ಸಾಕ್ಸ್ ತುದೀಲಿ ಒಂದು ಹೊಲಿಗೆ ಬರುತ್ತಲ್ಲ, ಅದು ಬೆರಳಿಗೆ ಒತ್ತುತ್ತೆ ಅಂತ ಬಿಚ್ಚೋನು, ಜರುಗಿಸಿ ಹಾಕ್ಕೊಳ್ಳೋನು, ಮತ್ತೆ ಬಿಚ್ಚೋನು, ಹೊರಗಡೆ ಸ್ಕೂಲ್ ವ್ಯಾನ್ ಹಾರನ್ ಹೊಡೀತಿದ್ರೆ ಇವನು ನೆಲದ ಮೇಲೆ ಬಿದ್ದು ಅಳ್ತಿರೋನು. ನಾನು ಹಠ ಅಂದ್ಕೊಂಡೆ. ಎರಡ್ಮೂರು ಸಲ ಕೈ ಎತ್ತಿದೀನಿ ಕೂಡ, ನೆನೆಸಿಕೊಂಡ್ರೆ ಇವತ್ತಿಗೂ ಕರುಳು ಕಿವುಚಿದ ಹಾಗಾಗುತ್ತೆ. ಆಮೇಲೆ ಆಕ್ಯುಪೇಷನಲ್ ಥೆರಪಿಸ್ಟ್, ಅಂದ್ರೆ ದಿನನಿತ್ಯದ ಕೆಲಸ ಮಾಡ್ಕೊಳ್ಳಕ್ಕೆ ಕಷ್ಟಪಡೋರಿಗೆ ನೆರವಾಗೋ ತಜ್ಞರ ಹತ್ರ ಹೋದಾಗ ಅವರು ಹೇಳಿದ್ದು ಒಂದೇ ಮಾತು, ನಿಮಗೆ ಚಪ್ಪಲಿಯೊಳಗೆ ಕಲ್ಲು ಸಿಕ್ಕಿದ್ರೆ ಹೇಗಿರುತ್ತೋ ಅವನಿಗೆ ಆ ಹೊಲಿಗೆ ಹಾಗಿದೆ ಸರ್.

ಅವನ ಬಗ್ಗೆ ಉದ್ದದೊಂದು ಫಾರಂ ತುಂಬಿಸಿದ್ರು. ಬಟ್ಟೆ ಲೇಬಲ್ ಚುಚ್ಚುತ್ತಾ, ಕೂದಲು ಕತ್ತರಿಸುವಾಗ ಅಳ್ತಾನಾ, ಗಲಾಟೆ ಇರೋ ಕಡೆ ಕಿವಿ ಮುಚ್ಕೊಳ್ತಾನಾ ಅಂತೆಲ್ಲ. ಅರ್ಧ ಓದೋ ಹೊತ್ತಿಗೆ ನನ್ನ ಹೆಂಡತಿ ನನ್ನ ಕಡೆ ತಿರುಗಿ, ಇದೆಲ್ಲ ನಿಮಗೂ ಇದೆಯಲ್ರೀ ಅಂದ್ಳು. ನಿಜ. ನನ್ನ ಒಂದು ಶರ್ಟಲ್ಲೂ ಲೇಬಲ್ ಇಲ್ಲ, ಎಲ್ಲ ಬ್ಲೇಡ್‌ನಲ್ಲಿ ಕಿತ್ತು ಹಾಕಿದೀನಿ. ಮೀಟಿಂಗಲ್ಲಿ ಎಸಿ ಗುಂಯ್ ಅಂತಿರುತ್ತೆ, ಪಕ್ಕದಲ್ಲಿ ಇಬ್ರು ಮಾತಾಡ್ತಿರ್ತಾರೆ, ಎದುರಿಗಿರೋರು ಹೇಳ್ತಿರೋದು ಒಂದೂ ತಲೆಗೆ ಹೋಗಲ್ಲ, ಸಂಜೆ ಮನೆಗೆ ಬಂದು ಕಾರಣಾನೇ ಇಲ್ದೆ ಎಲ್ರ ಮೇಲೂ ರೇಗ್ತಿದ್ದೆ. ನಲವತ್ತು ವರ್ಷ ಅದನ್ನ ನನ್ನ ಕೆಟ್ಟ ಸ್ವಭಾವ ಅಂತಾನೇ ನಂಬಿದ್ದೆ.

ಲೇಖನದಲ್ಲಿ ಐದು ಇಂದ್ರಿಯದ ಬಗ್ಗೆ ಮಾತ್ರ ಇತ್ತು. ಬ್ಯಾಲೆನ್ಸ್ ಹೇಳೋದು ಒಳಕಿವಿ, ಕೈಕಾಲು ಎಲ್ಲಿದೆ ಎಷ್ಟು ಜೋರು ಹಾಕ್ಬೇಕು ಅಂತ ಹೇಳೋದು ಸ್ನಾಯು ಮತ್ತು ಕೀಲು, ಇವೂ ಸೇರ್ತವೆ. ಜೀನ್ ಏರ್ಸ್ ಅನ್ನೋ ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ 1972ರಲ್ಲೇ ಇದರ ಬಗ್ಗೆ ಪುಸ್ತಕ ಬರೆದಿದ್ರು. ಕೆಲವರಿಗೆ ಸಣ್ಣ ಸ್ಪರ್ಶ, ಸಣ್ಣ ಶಬ್ದಾನೂ ಜಾಸ್ತಿಯಾಗುತ್ತೆ, ಕೆಲವರಿಗೆ ಎಷ್ಟಾದ್ರೂ ಸಾಲಲ್ಲ, ಅದಕ್ಕೇ ಕಾಲರ್ ಕಚ್ತಾರೆ, ಸೋಫಾದಿಂದ ಧುಮುಕ್ತಾರೆ, ಎಲ್ರಿಗೂ ಡಿಕ್ಕಿ ಹೊಡೀತಾರೆ. ಒಬ್ಬರಲ್ಲೇ ಎರಡೂ ಇರಬಹುದು, ನನ್ನ ಮಗನಿಗೆ ಹಾಗೇ.

ಈ ತೊಂದರೆಗೆ ಕೊಡೋ ಥೆರಪಿಗೆ ಸೆನ್ಸರಿ ಇಂಟಿಗ್ರೇಷನ್ ಅಂತಾರೆ. ಥೆರಪಿ ರೂಮಲ್ಲಿ ಉಯ್ಯಾಲೆ ಆಡಿಸೋದು ನೋಡಿ ಇದಕ್ಕೆ ದುಡ್ಡು ಯಾಕೆ ಅಂತ ನನಗೂ ಅನ್ನಿಸಿತ್ತು. ಆದ್ರೆ ಉಯ್ಯಾಲೆ ಮೇಲೆ ಬೋರಲು ಮಲಗಿ ನೆಲದಲ್ಲಿರೋ ಚೀಲ ಎತ್ತಿ ಬುಟ್ಟಿಗೆ ಎಸೀಬೇಕು, ಅದು ಸಲೀಸಾದ ಕೂಡ್ಲೇ ಬುಟ್ಟಿ ಇನ್ನೊಂದು ಸ್ವಲ್ಪ ದೂರ ಹೋಗುತ್ತೆ. ಮಗು ತಾನಾಗಿ ಇಷ್ಟಪಟ್ಟು ಮಾಡ್ಬೇಕು, ಬಲವಂತ ಇಲ್ಲ. ಅಭ್ಯಾಸ ಆಗ್ಲಿ ಅಂತ ಅಳೋ ಮಗುನ ಹಿಡ್ಕೊಂಡು ಗಲಾಟೆಯೊಳಗೆ ಕೂರಿಸೋದು ಥೆರಪಿ ಅಲ್ಲ, ಅದನ್ನ ಥೆರಪಿ ಅಂದ್ರೆ ನನಗೆ ಸಿಟ್ಟು ಬರುತ್ತೆ.

ಇನ್ನೊಂದು ಮಾತೂ ಹೇಳ್ಲೇಬೇಕು, ಎಲ್ರಿಗೂ ಈ ಥೆರಪಿ ಕೆಲಸ ಮಾಡುತ್ತೆ ಅಂತ ಯಾರೂ ಗ್ಯಾರಂಟಿ ಕೊಡಕ್ಕಾಗಲ್ಲ. ಪುರಾವೆ ಕಮ್ಮಿ, ಅದನ್ನ ತಂದೆತಾಯಿಗೆ ತಿಳಿಸಿ ಅಂತ ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಅಕಾಡೆಮಿ 2012ರಲ್ಲೇ ಹೇಳಿದೆ, ಆಟಿಸಂ ಇರೋ 138 ಮಕ್ಕಳ ಮೇಲೆ ಬ್ರಿಟನ್‌ನಲ್ಲಿ ಮಾಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಮೂಲಿ ಆರೈಕೆಗಿಂತ ಹೇಳ್ಕೊಳ್ಳೋ ಅಂಥ ಲಾಭ ಕಾಣ್ಲಿಲ್ಲ. ಹಾಗಂತ ಕಷ್ಟ ಸುಳ್ಳಲ್ಲ. ಸೆಷನ್ ಶುರುವಾಗೋ ಮುಂಚೆನೇ ಗುರಿ ಬರೆಸ್ಕೊಳ್ಳಿ, ತಾನೇ ಸಾಕ್ಸ್ ಹಾಕ್ಕೊಂಡು ಟೈಮಿಗೆ ವ್ಯಾನ್ ಹತ್ತಬೇಕು ಅನ್ನೋ ಥರದ್ದು, ಒಂದು ಡೈರಿ ಇಡಿ, ಕೆಲವು ತಿಂಗಳಾದ್ಮೇಲೂ ಆ ಗುರಿ ಕಡೆ ಒಂಚೂರೂ ಮುಂದೆ ಹೋಗದಿದ್ರೆ ದಾರಿ ಬದಲಿಸಿ ಅಂತ ಕೇಳಿ.

ದೊಡ್ಡೋರಿಗೆ ಉಯ್ಯಾಲೆ ಬೇಕಂತಿಲ್ಲ. ದೊಡ್ಡೋರಿಗೆ ಅಂತಾನೇ ಸೆನ್ಸರಿ ಪ್ರೊಫೈಲ್ ಅನ್ನೋ ಪ್ರಶ್ನಾವಳಿ, ಮಗನಿಗೆ ತುಂಬಿಸಿದ ಫಾರಂ ಥರದ್ದೇ, 2002ರಿಂದ ಇದೆ, ನನಗೂ ಅದನ್ನ ಮಾಡ್ಸಿದ್ರು. ಈಗ ಮೀಟಿಂಗಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರ್ತೀನಿ, ಬ್ಯಾಗಲ್ಲಿ ಇಯರ್‌ಪ್ಲಗ್ ಇರುತ್ತೆ, ಆಫೀಸಿಂದ ಬಂದು ಮನೆಯೊಳಗೆ ಹೋಗೋ ಮುಂಚೆ ಇಪ್ಪತ್ತು ನಿಮಿಷ ಬಿರುಸಾಗಿ ನಡೀತೀನಿ. ರೇಗೋದು ಪೂರ್ತಿ ನಿಂತಿಲ್ಲ, ಆದ್ರೆ ಬರ್ತಿದೆ ಅಂತ ಮೊದ್ಲೇ ಗೊತ್ತಾಗುತ್ತೆ. ಮಗ ಸಾಕ್ಸ್ ಒಳಮಗ್ಗುಲು ಹೊರಗೆ ಮಾಡಿ ಹಾಕ್ಕೊಳ್ತಾನೆ, ಹೊಲಿಗೆ ಹೊರಗಿರುತ್ತೆ, ಯಾರೂ ಏನೂ ಅನ್ನಲ್ಲ.

ಸರಿಹೋಗುತ್ತೆ ಅಂತ ಕಾದು ಕೂತಿರೋ ದೊಡ್ಡೋರು ನಿಮ್ಮ ಓದುಗರಲ್ಲೂ ಇರ್ತಾರೆ. ದಯವಿಟ್ಟು ಆ ಒಂದು ಸಾಲನ್ನ ತಿದ್ದಿ ಹಾಕಿ.

ಇಂತಿ,
ಒಬ್ಬ ತಂದೆ